ವಾರ್ಮಿಂಟ್ ರೈಫಲ್: ಕೊಳ್ಳುವುದರಿಂದ ಬಯಲಿಗೆ ಒಯ್ಯುವವರೆಗೆ

ಮುನ್ನೂರು ಗಜ ದೂರದಲ್ಲಿ ಒಂದು ಪ್ರೇರಿ ಡಾಗ್ (ಹೆಸರಿಗೆ ನಾಯಿ, ಜಾತಿಯಲ್ಲಿ ಅಳಿಲು) ಬಿಲದ ಬಾಯಲ್ಲಿ ಎದ್ದು ನಿಂತಿದೆ ಅಂದುಕೊಳ್ಳಿ. ಎತ್ತರ ಒಂದಡಿ ಆಸುಪಾಸು. ಅಗಲ ಮೂರ್ನಾಲ್ಕು ಅಂಗುಲ. ಬಯಲಲ್ಲಿ ಗಾಳಿ ಬೀಸುತ್ತಿದೆ. ಅಷ್ಟು ದೂರದಿಂದ ಅಷ್ಟೇ ಅಗಲಕ್ಕೆ ಗುಂಡು ಬೀಳಬೇಕು, ಅದೂ ಮೊದಲ ಈಡಿಗೇ. ಇದಕ್ಕೆಂದೇ ಮಾಡಿದ ಕೋವಿ ವಾರ್ಮಿಂಟ್ ರೈಫಲ್.

ಬೆಳೆಗೆ, ಹುಲ್ಲುಗಾವಲಿಗೆ, ಕೋಳಿ ಕರುಗಳಿಗೆ ಕಾಟ ಕೊಡುವ ಪ್ರಾಣಿಗಳನ್ನು ಅಮೆರಿಕದ ರೈತರು ವಾರ್ಮಿಂಟ್ ಅನ್ನುತ್ತಾರೆ. ಪೂರ್ವದ ರಾಜ್ಯಗಳಲ್ಲಿ ಗ್ರೌಂಡ್‌ಹಾಗ್ ಅನ್ನುವ ದಪ್ಪ ಅಳಿಲು, ಪಶ್ಚಿಮದ ಬಯಲುಗಳಲ್ಲಿ ಪ್ರೇರಿ ಡಾಗ್ ಮತ್ತು ನೆಲದ ಅಳಿಲು, ಹೆಚ್ಚೂಕಡಿಮೆ ಎಲ್ಲ ಕಡೆ ತೋಳದ ಜಾತಿಯ ಕಯೋಟಿ. ನಾನಿರುವುದು ಕೊಲರಾಡೊದಲ್ಲಿ. ಊರಲ್ಲಿ ಅಪ್ಪನ ಹತ್ತಿರ ಹಂದಿಯಿಂದ ಬೆಳೆ ಕಾಯಲು ಒಂಟಿ ನಳಿಗೆಯ ತೋಟಾ ಕೋವಿ ಇತ್ತು. ಅದರಲ್ಲಿ ಮೂವತ್ತು ಗಜಕ್ಕೆ ಗುರಿ ಕೂತರೆ ಸಾಕಾಗಿತ್ತು. ಇಲ್ಲಿಗೆ ಬಂದು ರೈಫಲ್ ಕಲಿಯಲು ವರ್ಷಗಳೇ ಹಿಡಿದವು.

ಕಲಿತದ್ದರಲ್ಲಿ ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ನೀವು ಪ್ರತಿ ಸಲವೂ ಒಂದೇ ಥರ ಮಾಡಿದರೆ ಒಳ್ಳೆಯ ರೈಫಲ್ಲೂ ಒಂದೇ ಥರ ಮಾಡುತ್ತದೆ. ಒಂದು ಸಲ ಬೇರೆ ಥರ ಮಾಡಿದಿರೋ, ಅದನ್ನೂ ಕಾಗದದ ಮೇಲೆ ತೋರಿಸುತ್ತದೆ. ಕೆಳಗೆ ಬರೆದಿರುವುದೆಲ್ಲ ಈ ಒಂದು ಮಾತನ್ನು ಹಿಡಿದುಕೊಂಡೇ ಬರೆದದ್ದು.

ಮೊದಲು ಕಾನೂನು

ಇಲ್ಲಿರುವ ನಮ್ಮವರಲ್ಲಿ ಎಷ್ಟೋ ಜನರಿಗೆ ಈ ವಿಷಯ ಗೊತ್ತಿಲ್ಲ. ಎಚ್-1ಬಿ, ಎಫ್-1 ಥರದ ವೀಸಾದಲ್ಲಿ ಬಂದವರು ಬಂದೂಕಾಗಲಿ ಗುಂಡಾಗಲಿ ಇಟ್ಟುಕೊಳ್ಳುವುದನ್ನು ಅಮೆರಿಕದ ಕೇಂದ್ರ ಕಾನೂನು ಸಾಮಾನ್ಯವಾಗಿ ಒಪ್ಪುವುದಿಲ್ಲ. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ. ಗ್ರೀನ್ ಕಾರ್ಡ್ ಇದ್ದವರು ಕೊಳ್ಳಬಹುದು. ಗೆಳೆಯನ ರೈಫಲ್ ಕೈಗೆ ತಗೊಳ್ಳುವ ಮೊದಲೂ ಇದನ್ನು ವಿಚಾರಿಸಿಕೊಳ್ಳಿ. ವೀಸಾದ ಮೇಲೆ ಬೀಳುವ ಪೆಟ್ಟು ಸಣ್ಣದಲ್ಲ. ಅನುಮಾನ ಇದ್ದರೆ ವಕೀಲರನ್ನೇ ಕೇಳಿ.

ಲೈಸೆನ್ಸ್ ಇರುವ ಅಂಗಡಿಯಲ್ಲಿ ಕೊಳ್ಳುವಾಗ ಫಾರ್ಮ್ 4473 ತುಂಬಬೇಕು, ಹಿನ್ನೆಲೆ ತಪಾಸಣೆ ಆಗುತ್ತದೆ. ಇಲಿನಾಯ್, ನ್ಯೂಜೆರ್ಸಿಯಂಥ ರಾಜ್ಯಗಳಲ್ಲಿ ಅದಕ್ಕೂ ಮೊದಲು ರಾಜ್ಯದ ಕಾರ್ಡ್ ಬೇಕು. ಕೊಳ್ಳಲು ಆಗದ ಗೆಳೆಯನಿಗಾಗಿ ನಿಮ್ಮ ಹೆಸರಲ್ಲಿ ಕೊಂಡುಕೊಡುವುದು ದೊಡ್ಡ ಅಪರಾಧ. ಸ್ನೇಹಕ್ಕೆ ಅಂತ ಕೂಡ ಮಾಡಬೇಡಿ.

ಇನ್ನೊಂದು ಮಾತು. ರೇಂಜಿಗೆ, ಅಂದರೆ ಗುಂಡು ಹೊಡೆದು ಅಭ್ಯಾಸ ಮಾಡುವ ಜಾಗಕ್ಕೆ, ಒಯ್ಯುವ ಬ್ಯಾಗನ್ನು ಊರಿಗೆ ಹೋಗುವಾಗ ಬಳಸಲೇಬೇಡಿ. ಬ್ಯಾಗಿನ ಮೂಲೆಯಲ್ಲಿ ಮರೆತುಹೋದ ಒಂದೇ ಒಂದು ಗುಂಡು ಸಿಕ್ಕಿ ಭಾರತದ ವಿಮಾನ ನಿಲ್ದಾಣಗಳಲ್ಲಿ ಕೇಸು ಹಾಕಿಸಿಕೊಂಡವರಿದ್ದಾರೆ. ಊರಲ್ಲಿ ಕಾನೂನೇ ಬೇರೆ. ಬಂದೂಕಿಗೆ 1959ರ ಶಸ್ತ್ರಾಸ್ತ್ರ ಕಾಯ್ದೆ, ಕಾಡುಪ್ರಾಣಿಗೆ 1972ರ ವನ್ಯಜೀವಿ ಕಾಯ್ದೆ. ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇದೆ, ನಿಜ. ಆದರೆ ಅದು ಕೋವಿ ಇಟ್ಟುಕೊಳ್ಳುವುದಕ್ಕೆ ಮಾತ್ರ, ಬೇಟೆಗೆ ಅಲ್ಲ. ಇಲ್ಲಿ ಕಲಿತ ಬೇಟೆಯನ್ನು ಅಲ್ಲಿಗೆ ಒಯ್ಯುವಂತಿಲ್ಲ.

ಯಾವ ತೋಟಾ, ಯಾವ ರೈಫಲ್

ಮೊದಲ ಸಲ ಕೊಳ್ಳುವವರಿಗೆ ನನ್ನ ಸಲಹೆ ಒಂದೇ: .223 ರೆಮಿಂಗ್ಟನ್. 1964ರಿಂದ ಇರುವ ತೋಟಾ. ಎಲ್ಲ ಅಂಗಡಿಯಲ್ಲೂ ಸಿಗುತ್ತದೆ, ಉಳಿದವಕ್ಕೆ ಹೋಲಿಸಿದರೆ ಅಗ್ಗ, ಒದೆತ ಕಡಿಮೆ. ಒದೆತ ಕಡಿಮೆ ಇರುವುದು ಬರೀ ಭುಜದ ಸುಖಕ್ಕಲ್ಲ. ಕುದುರೆ (ಟ್ರಿಗರ್) ಎಳೆದ ಮೇಲೂ ರೈಫಲ್ ಮೇಲಿನ ದುರ್ಬೀನಿನಲ್ಲಿ ಗುರಿ ಕಣ್ಣು ತಪ್ಪಿಸುವುದಿಲ್ಲ. ಗುಂಡು ಎಲ್ಲಿ ಬಿತ್ತು ಅಂತ ನೀವೇ ನೋಡಬಹುದು. ಕಲಿಯುವವರಿಗೆ ಇದಕ್ಕಿಂತ ದೊಡ್ಡ ಗುರು ಇಲ್ಲ.

.22-250 ಇನ್ನೂ ವೇಗ. .223ರಲ್ಲಿ ಮದ್ದು ಸುಮಾರು 25 ಗ್ರೇನ್ (ಮದ್ದು, ಗುಂಡು ತೂಗುವ ಸಣ್ಣ ಅಳತೆ) ಹಿಡಿದರೆ, ಇದರಲ್ಲಿ 35ಕ್ಕೂ ಜಾಸ್ತಿ ಹಿಡಿಯುತ್ತದೆ. ಅಷ್ಟು ಮದ್ದು ಅದೇ ಸಣ್ಣ ತೂತಿನಲ್ಲಿ ಉರಿಯಬೇಕಲ್ವಾ? ನಳಿಗೆ ಬೇಗ ಕಾಯುತ್ತದೆ, ಬೇಗ ಸವೆಯುತ್ತದೆ. 2004ರಲ್ಲಿ ಬಂದ .204 ರೂಗರ್ ಕೂಡ ವೇಗದ್ದೇ, ಒದೆತ ಅದರಲ್ಲೂ ಕಡಿಮೆ. 2002ರ .17 ಎಚ್‌ಎಂಆರ್ ನೆಲದ ಅಳಿಲಿಗೆ, ನೂರು ನೂರೈವತ್ತು ಗಜದೊಳಗೆ ಚೆನ್ನ. ಅದರ ಗುಂಡು ಬರೀ 17 ಗ್ರೇನ್, ಗಾಳಿ ಬಂದರೆ ತೇಲಿಹೋಗುತ್ತದೆ. ಕಯೋಟಿಗೂ ಜಿಂಕೆಗೂ ಒಂದೇ ರೈಫಲ್ ಬೇಕು ಅನ್ನುವವರು .243 ನೋಡಬಹುದು.

ನಳಿಗೆ ದಪ್ಪ ಇರಬೇಕು. ದಪ್ಪ ನಳಿಗೆ ನಿಧಾನ ಕಾಯುತ್ತದೆ, ಈಡು ಹೊಡೆದಾಗ ಅದುರುವುದೂ ಕಡಿಮೆ. ಉದ್ದ 24 ಅಥವಾ 26 ಅಂಗುಲ ಸಾಮಾನ್ಯ. ರೈಫಲ್ ತೂಕ ಆಗುತ್ತದೆ, ಆಗಲಿ. ಇದನ್ನು ಹೊತ್ತು ಗುಡ್ಡ ಹತ್ತುವ ಕೆಲಸ ಇಲ್ಲ. ಟಿಕ್ಕಾ, ಸ್ಯಾವೇಜ್, ಹೋವಾ, ರೆಮಿಂಗ್ಟನ್ 700, ಇವುಗಳ ವಾರ್ಮಿಂಟ್ ಮಾದರಿಗಳಲ್ಲಿ ಯಾವುದು ಕೈಗೆ ಒಗ್ಗುತ್ತದೋ ಅದನ್ನು ತಗೊಳ್ಳಿ.

ಕೊಳ್ಳುವ ಮೊದಲು ಒಂದು ಕಾಗದದ ಚೂರನ್ನು ನಳಿಗೆಗೂ ಅದರ ಕೆಳಗಿನ ಹಿಡಿಗೂ ನಡುವೆ ತೂರಿಸಿ ಹಿಂದಕ್ಕೆ ಎಳೆಯಿರಿ. ತಡೆಯಿಲ್ಲದೆ ಹೋಗಬೇಕು. ಎಲ್ಲಾದರೂ ಸಿಕ್ಕಿಕೊಂಡರೆ ಹಿಡಿ ನಳಿಗೆಗೆ ಒತ್ತುತ್ತಿದೆ ಅಂತ ಅರ್ಥ. ನಳಿಗೆ ಕಾದಾಗ ಆ ಒತ್ತಡ ಬದಲಾಗುತ್ತದೆ, ಗುಂಡು ಬೀಳುವ ಜಾಗವೂ ಬದಲಾಗುತ್ತದೆ.

ನಳಿಗೆಯೊಳಗಿನ ಸುರುಳಿ ಗೆರೆಗಳ ಲೆಕ್ಕವನ್ನೂ ಕೇಳಿ. 12 ಅಂಗುಲಕ್ಕೆ ಒಂದು ಸುತ್ತು ಇದ್ದರೆ 40ರಿಂದ 55 ಗ್ರೇನಿನ ಹಗುರ ಗುಂಡುಗಳಿಗೆ ಸರಿ. 8 ಅಂಗುಲಕ್ಕೆ ಒಂದು ಸುತ್ತಾದರೆ 70 ಗ್ರೇನ್ ದಾಟಿದ ಉದ್ದನೆಯ ಗುಂಡುಗಳೂ ಆಗುತ್ತವೆ. ನಿಧಾನ ಸುತ್ತಿನ ನಳಿಗೆಗೆ ಉದ್ದ ಗುಂಡು ಹಾಕಿದರೆ ಅದು ಹಾರುವಾಗ ಓಲಾಡುತ್ತದೆ. ಕಾಗದದ ಮೇಲೆ ದುಂಡಗಿನ ತೂತಿನ ಬದಲು ಉದ್ದುದ್ದ ತೂತು ಕಂಡರೆ ಕಾರಣ ಇದೇ.

ಗುಂಡಿನ ವಿಷಯದಲ್ಲಿ ಒಂದೇ ಹಟ ಇರಲಿ. ಕನಿಷ್ಠ ಮೂರು ನಾಲ್ಕು ಬಗೆ ಕೊಂಡು ನಿಮ್ಮ ರೈಫಲ್‌ನಲ್ಲೇ ಹೊಡೆದು ನೋಡಿ. ಹಾರ್ನಡಿ ವಿ-ಮ್ಯಾಕ್ಸ್, ನಾಸ್ಲರ್ ಬ್ಯಾಲಿಸ್ಟಿಕ್ ಟಿಪ್, ಸಿಯೆರಾ ಬ್ಲಿಟ್ಜ್‌ಕಿಂಗ್, ಇವೆಲ್ಲ ತೆಳು ತಾಮ್ರದ ಹೊದಿಕೆ, ಪ್ಲಾಸ್ಟಿಕ್ ತುದಿಯ ಗುಂಡುಗಳು. ತಗುಲಿದ ಕೂಡಲೇ ಚೂರಾಗುತ್ತವೆ, ಹಾಗಾಗಿ ನೆಲಕ್ಕೆ ಬಡಿದು ಪುಟಿದು ಹೋಗುವುದು ಕಡಿಮೆ. ಒಂದು ರೈಫಲ್‌ಗೆ ಒಗ್ಗಿದ್ದು ಪಕ್ಕದ ಅಂಥದ್ದೇ ರೈಫಲ್‌ಗೆ ಒಗ್ಗಬೇಕೆಂದಿಲ್ಲ. ಒಗ್ಗಿದ್ದು ಸಿಕ್ಕಿದ ಮೇಲೆ ಪೆಟ್ಟಿಗೆಯ ಮೇಲೆ ಅದೇ ಲಾಟ್ ಸಂಖ್ಯೆ ಇರುವ, ಅಂದರೆ ಒಂದೇ ಸಲ ತಯಾರಾದ ಗುಂಡುಗಳನ್ನೇ ಆದಷ್ಟು ಜಾಸ್ತಿ ಕೊಂಡಿಡಿ.

ದುರ್ಬೀನು ಕೂರಿಸುವುದು

ರೈಫಲ್‌ಗೆ ಕೊಟ್ಟಷ್ಟೇ ದುಡ್ಡನ್ನು ದುರ್ಬೀನಿಗೂ ಕೊಡಲು ಸಿದ್ಧರಾಗಿ. 4ರಿಂದ 16 ಅಥವಾ 6ರಿಂದ 24 ಪಟ್ಟು ದೊಡ್ಡದು ಮಾಡಿ ತೋರಿಸುವುದು ಈ ಕೆಲಸಕ್ಕೆ ಹಿಡಿಸುತ್ತದೆ. ಪಕ್ಕದಲ್ಲಿ ಪ್ಯಾರಲ್ಯಾಕ್ಸ್ ತಿರುಗಣೆ ಇರಲೇಬೇಕು. ಅದನ್ನು ಸರಿ ಮಾಡದಿದ್ದರೆ ಕಣ್ಣು ಸ್ವಲ್ಪ ಆಚೀಚೆ ಆದಾಗ ಅಡ್ಡಗೆರೆ ಗುರಿಯ ಮೇಲೆ ಜಾರಿದಂತೆ ಕಾಣುತ್ತದೆ. ಪರೀಕ್ಷೆ ಸುಲಭ: ರೈಫಲ್ ಚೀಲದ ಮೇಲೆ ಅಲುಗದೆ ಕೂತಿರಲಿ, ಕೈ ಮುಟ್ಟದೆ ತಲೆ ಮಾತ್ರ ಮೇಲೆ ಕೆಳಗೆ ಆಡಿಸಿ. ಗೆರೆ ಜಾರದೆ ನಿಲ್ಲುವವರೆಗೆ ತಿರುಗಣೆ ತಿರುಗಿಸಿ.

ನನ್ನ ಮೊದಲ ರೈಫಲ್‌ಗೆ ಅಂಗಡಿಯಲ್ಲೇ ದುರ್ಬೀನು ಕೂರಿಸಿಕೊಟ್ಟಿದ್ದರು. ರೇಂಜಿಗೆ ಹೋದೆ. ಮೂರು ಗುಂಡು ಒಂದು ಕಡೆ, ನಾಲ್ಕನೆಯದು ಎರಡಂಗುಲ ಆಚೆ. ತಪ್ಪು ನನ್ನದೇ ಅಂದುಕೊಂಡು ಉಸಿರು ಬದಲಿಸಿದೆ, ಚೀಲ ಬದಲಿಸಿದೆ, ಗುಂಡಿನ ಬಗೆ ಬದಲಿಸಿದೆ. ನಲವತ್ತು ಗುಂಡು ಖರ್ಚಾದ ಮೇಲೆ ಪಕ್ಕದ ಮೇಜಿನ ಅಜ್ಜ ಒಬ್ಬರು ಬಂದರು. ಅವರು ನಳಿಗೆಯನ್ನು ನೋಡಲೇ ಇಲ್ಲ. ದುರ್ಬೀನನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಆಡಿಸಿದರು. ಕಟ್ ಅಂತ ಸಣ್ಣ ಸದ್ದು. ದುರ್ಬೀನಿನ ಕೆಳಗಿನ ಪಟ್ಟಿಯ ಹಿಂದಿನ ಸ್ಕ್ರೂ ಸಡಿಲ ಇತ್ತು. ಅವತ್ತಿನಿಂದ ನಾನೇ ಕೂರಿಸುತ್ತೇನೆ, ಅಳತೆಯ ಟಾರ್ಕ್ ಸ್ಕ್ರೂಡ್ರೈವರ್ ಹಿಡಿದು. ಎಷ್ಟು ಬಿಗಿ ಅನ್ನುವುದು ತಯಾರಕರ ಪುಸ್ತಕದಲ್ಲಿರುತ್ತದೆ. ಉಂಗುರದ ಸ್ಕ್ರೂಗಳಿಗೆ ಸಾಮಾನ್ಯವಾಗಿ 15ರಿಂದ 18 ಅಂಗುಲ-ಪೌಂಡ್. ಜಾಸ್ತಿ ಬಿಗಿದರೆ ದುರ್ಬೀನಿನ ಕೊಳವೆಯೇ ನಜ್ಜಾಗುತ್ತದೆ.

ರೇಂಜಿನಲ್ಲಿ ಮೊದಲ ದಿನ

ಕಿವಿಗೆ ಎರಡು ಪದರ ರಕ್ಷಣೆ, ಒಳಗೆ ಬೆಂಡು, ಮೇಲೆ ಮಫ್. ರೈಫಲ್ ಸದ್ದು 140 ಡೆಸಿಬೆಲ್ ದಾಟುತ್ತದೆ. ಒಂದೇ ಈಡಿಗೂ ಕಿವಿ ಶಾಶ್ವತವಾಗಿ ಕೆಡಬಹುದು, ಕೆಟ್ಟ ಕಿವಿ ಮತ್ತೆ ಬರುವುದಿಲ್ಲ. ಕಣ್ಣಿಗೆ ಕನ್ನಡಕ. ನಳಿಗೆ ಯಾವಾಗಲೂ ಗುರಿಯ ಕಡೆಗೇ. ಹೊಡೆಯುವ ಕ್ಷಣದವರೆಗೆ ಬೆರಳು ಕುದುರೆಯ ಹೊರಗೆ. ಖಾಲಿ ಇದೆ ಅಂತ ಯಾರೇ ಹೇಳಲಿ, ಬೋಲ್ಟ್ (ನಳಿಗೆಯ ಹಿಂಬದಿ ಮುಚ್ಚುವ ಅಗುಳಿ) ತೆಗೆದು ನೀವೇ ನೋಡಿ.

ಗುರಿ ಹೊಂದಿಸಲು ನೇರ ನೂರು ಗಜಕ್ಕೆ ಹೋಗಬೇಡಿ. ಮೊದಲು 25 ಗಜ. ಬೋಲ್ಟ್ ಹೊರಗೆ ತೆಗೆದಿಡಿ. ರೈಫಲ್ಲನ್ನು ಮುಂದೊಂದು ಹಿಂದೊಂದು ಮರಳು ಚೀಲದ ಮೇಲೆ ಗಟ್ಟಿಯಾಗಿ ಕೂರಿಸಿ. ಹಿಂದಿನಿಂದ ನಳಿಗೆಯೊಳಗೆ ಕಣ್ಣಿಟ್ಟರೆ ಬೆಳಕಿನ ದುಂಡು ಕಾಣುತ್ತದೆ, ಅದರ ನಡುವೆ ಗುರಿಯ ಕಪ್ಪು ಚುಕ್ಕೆ. ಚುಕ್ಕೆ ಸರಿಯಾಗಿ ನಡುವೆ ಬರುವಂತೆ ರೈಫಲ್ ಹೊಂದಿಸಿ. ಈಗ ರೈಫಲ್ ಅಲುಗದ ಹಾಗೆ ದುರ್ಬೀನಿನ ತಿರುಗಣೆ ತಿರುಗಿಸಿ ಅಡ್ಡಗೆರೆಯನ್ನು ಅದೇ ಚುಕ್ಕೆಯ ಮೇಲೆ ತನ್ನಿ. ಮತ್ತೊಮ್ಮೆ ನಳಿಗೆಯಲ್ಲಿ ನೋಡಿ, ಮತ್ತೆ ದುರ್ಬೀನಲ್ಲಿ ನೋಡಿ. ಎರಡೂ ಒಂದೇ ಕಡೆ ನೋಡುತ್ತಿದ್ದರೆ ಬೋಲ್ಟ್ ಹಾಕಿ ಒಂದು ಗುಂಡು ಹೊಡೆಯಿರಿ.

ಈಗ ಲೆಕ್ಕ. ಬಹುತೇಕ ದುರ್ಬೀನಿನಲ್ಲಿ ತಿರುಗಣೆಯ ಒಂದು ಕ್ಲಿಕ್ ಅಂದರೆ ಕಾಲು ಎಂಒಎ. ಎಂಒಎ ಅನ್ನುವುದು ಕೋನದ ಒಂದು ಸಣ್ಣ ಅಳತೆ. ಒಂದು ಎಂಒಎ ನೂರು ಗಜಕ್ಕೆ 1.047 ಅಂಗುಲ, ಒಂದಂಗುಲ ಅಂತಲೇ ಹಿಡಿಯಿರಿ. ಅಂದರೆ ನೂರು ಗಜದಲ್ಲಿ ಒಂದಂಗುಲ ಸರಿಸಲು ನಾಲ್ಕು ಕ್ಲಿಕ್. 25 ಗಜದಲ್ಲಿ ಅದೇ ಒಂದಂಗುಲಕ್ಕೆ ಹದಿನಾರು ಕ್ಲಿಕ್ ಬೇಕು. ಇಲ್ಲಿ ಎಡವುವವರು ಜಾಸ್ತಿ. ಹತ್ತಿರದಲ್ಲಿ ನಾಲ್ಕೇ ಕ್ಲಿಕ್ ಕೊಟ್ಟು, ದುರ್ಬೀನು ಕೆಟ್ಟಿದೆ ಅಂತ ಬೈಯುತ್ತಾರೆ.

25ಕ್ಕೆ ಸರಿಯಾದ ಮೇಲೆ ನೂರು ಗಜ. ಐದು ಗುಂಡು ಹೊಡೆಯಿರಿ, ನಡುವೆ ಅವಸರ ಬೇಡ. ಐದೂ ಮುಗಿಯುವ ತನಕ ತಿರುಗಣೆ ಮುಟ್ಟಬೇಡಿ. ಗುಂಪಿನ ನಡುವನ್ನು ನೋಡಿ ಸರಿಸಿ. ಒಂದೊಂದು ಗುಂಡಿಗೂ ಸರಿಸುತ್ತ ಹೋದರೆ ನೀವು ನಿಮ್ಮ ತಪ್ಪಿನ ಹಿಂದೆಯೇ ಓಡುತ್ತಿರುತ್ತೀರಿ.

ಗುಂಪು ಅಳೆಯುವುದು ಹೀಗೆ: ಅತಿ ದೂರದ ಎರಡು ತೂತುಗಳ ಹೊರ ಅಂಚಿನಿಂದ ಹೊರ ಅಂಚಿಗೆ ಅಳೆದು, ಅದರಲ್ಲಿ ಗುಂಡಿನ ಅಗಲ .224 ಅಂಗುಲ ಕಳೆಯಿರಿ (.223 ತೋಟಾದ ಗುಂಡಿನ ನಿಜವಾದ ಅಗಲ ಇದೇ). ಮೂರು ಗುಂಡಿನ ಪುಟ್ಟ ಗುಂಪು ನೋಡಿ ಹಿಗ್ಗಬೇಡಿ. ಮೂರು ಗುಂಡು ಅದೃಷ್ಟಕ್ಕೂ ಒಂದೇ ಕಡೆ ಬೀಳುತ್ತವೆ. ಐದೈದು ಗುಂಡಿನ ನಾಲ್ಕು ಗುಂಪು ಹೊಡೆದು ಸರಾಸರಿ ತೆಗೆದರೆ ರೈಫಲ್ ಏನು ಅಂತ ಗೊತ್ತಾಗುತ್ತದೆ. ಸರಾಸರಿ ಒಂದು ಎಂಒಎ ಬಂದರೆ ಆ ರೈಫಲ್ ಮುನ್ನೂರು ಗಜದಲ್ಲಿ ಮೂರಂಗುಲ ಹರಡುತ್ತದೆ. ಪ್ರೇರಿ ಡಾಗ್ ಅಗಲವೇ ಅಷ್ಟು. ಗಾಳಿಗೂ ನಿಮ್ಮ ಕೈಗೂ ಜಾಗವೇ ಉಳಿಯಲಿಲ್ಲ. ಅದಕ್ಕೇ ಈ ಕೆಲಸಕ್ಕೆ ಅರ್ಧ ಎಂಒಎ ಆಸುಪಾಸಿನ ರೈಫಲ್ ಬೇಕು ಅನ್ನುವುದು. ಅಷ್ಟಿಲ್ಲದಿದ್ದರೆ ಹತ್ತಿರದಿಂದ ಹೊಡೆಯಿರಿ.

ಕೊನೆಗೆ ಶೂನ್ಯವನ್ನು, ಅಂದರೆ ಅಡ್ಡಗೆರೆ ಇಟ್ಟಲ್ಲೇ ಗುಂಡು ಬೀಳುವ ದೂರವನ್ನು, 200 ಗಜಕ್ಕೆ ಇಡುವುದು ನನ್ನ ರೂಢಿ. 55 ಗ್ರೇನ್ ಗುಂಡು ಸೆಕೆಂಡಿಗೆ 3240 ಅಡಿ ವೇಗದಲ್ಲಿ ಹೊರಟರೆ ನೂರು ಗಜದಲ್ಲಿ ಒಂದೂವರೆ ಅಂಗುಲದ ಹತ್ತಿರ ಮೇಲೆ ಇರುತ್ತದೆ, ಮುನ್ನೂರಕ್ಕೆ ಸುಮಾರು ಆರಂಗುಲ ಕೆಳಗೆ ಬೀಳುತ್ತದೆ. ಈ ಲೆಕ್ಕವನ್ನು ನಿಮ್ಮ ರೈಫಲ್‌ನಲ್ಲೇ ಹೊಡೆದು ಖಾತ್ರಿ ಮಾಡಿಕೊಂಡು, ಒಂದು ಚೀಟಿಯಲ್ಲಿ ಬರೆದು ಹಿಡಿಗೆ ಅಂಟಿಸಿ.

ಕುದುರೆ ಎಳೆಯುವ ಬೆರಳು

ಬೆರಳ ತುದಿಯ ಮೆತ್ತನೆ ಭಾಗ ಕುದುರೆಯ ಮೇಲಿರಲಿ. ನೇರ ಹಿಂದಕ್ಕೆ, ನಿಂಬೆಹಣ್ಣು ಮೆಲ್ಲಗೆ ಹಿಂಡಿದ ಹಾಗೆ. ಉಸಿರು ಅರ್ಧ ಬಿಟ್ಟು ನಿಲ್ಲಿಸಿ. ಆರೇಳು ಸೆಕೆಂಡಿನೊಳಗೆ ಈಡು ಆಗದಿದ್ದರೆ ಬಿಟ್ಟುಬಿಡಿ, ಮತ್ತೆ ಉಸಿರು ತಗೊಂಡು ಶುರು ಮಾಡಿ. ಈಡಾದ ಮೇಲೂ ಒಂದು ಕ್ಷಣ ಬೆರಳು ಹಿಂದಕ್ಕೆ ಒತ್ತಿಯೇ ಇರಲಿ. ಕೆನ್ನೆ ಪ್ರತಿ ಸಲವೂ ಹಿಡಿಯ ಮೇಲೆ ಅದೇ ಜಾಗಕ್ಕೆ ಕೂರಬೇಕು. ಹಿಂದಿನ ಚೀಲವನ್ನು ಎಡಗೈಯಲ್ಲಿ ಹಿಸುಕಿ, ಬಿಟ್ಟು ಎತ್ತರ ಹೊಂದಿಸಿ.

ಮನೆಯಲ್ಲಿ ದಿನಾ ಹತ್ತು ನಿಮಿಷ ಖಾಲಿ ರೈಫಲ್‌ನಲ್ಲಿ ಅಭ್ಯಾಸ ಮಾಡಿ. ಗುಂಡುಗಳು ಬೇರೆ ಕೋಣೆಯಲ್ಲಿರಲಿ. ಕುದುರೆ ಬಿದ್ದಾಗ ಅಡ್ಡಗೆರೆ ಕದಲಿತೇ ಅಂತ ನೋಡುವುದೇ ಪಾಠ. ಗುಂಡಿಲ್ಲದೆ ಕಲಿತ ಈ ಪಾಠ ನನಗೆ ನೂರಾರು ಡಾಲರ್ ಉಳಿಸಿದೆ.

ಗಾಳಿ

ಗುಂಡು ಬೀಳುವುದು ಲೆಕ್ಕ, ಅದನ್ನು ಯಾರು ಬೇಕಾದರೂ ಕಲಿಯಬಹುದು. ಗಾಳಿ ಓದುವುದಕ್ಕೆ ಮಾತ್ರ ಬಯಲಲ್ಲಿ ಕೂತಿರಬೇಕು. ಅದೇ 55 ಗ್ರೇನ್ ಗುಂಡಿಗೆ ಗಂಟೆಗೆ ಹತ್ತು ಮೈಲಿಯ ಅಡ್ಡಗಾಳಿ ಇದ್ದರೆ 200 ಗಜದಲ್ಲಿ ಸುಮಾರು ನಾಲ್ಕಂಗುಲ ಪಕ್ಕಕ್ಕೆ ಒಯ್ಯುತ್ತದೆ, 300ರಲ್ಲಿ ಒಂಬತ್ತು ಹತ್ತಂಗುಲ. ದೂರ ಒಂದೂವರೆ ಪಟ್ಟಾದರೆ ಗಾಳಿಯ ಎಳೆತ ಎರಡು ಪಟ್ಟಿಗೂ ಮೀರಿತು, ನೋಡಿದಿರಾ?

ಹತ್ತು ಮೈಲಿ ಗಾಳಿ ಅಂದರೆ ಏನೂ ದೊಡ್ಡದಲ್ಲ. ಹುಲ್ಲು ಬಾಗುತ್ತಿರುತ್ತದೆ, ಒಣ ಎಲೆ ನಿಲ್ಲದೆ ಆಡುತ್ತಿರುತ್ತವೆ. ಐದು ಮೈಲಿಗೆ ಮುಖಕ್ಕೆ ತಂಪು ತಗುಲುತ್ತದೆ, ಅಷ್ಟೇ. ಸಣ್ಣ ಅಳತೆಯಂತ್ರ ನಿಮ್ಮ ಪಕ್ಕದ ಗಾಳಿಯನ್ನು ಹೇಳುತ್ತದೆ. ನಡುವಿನ ಹಳ್ಳದಲ್ಲಿ ಏನಾಗುತ್ತಿದೆ ಅಂತ ಹೇಳುವುದಿಲ್ಲ. ಅದನ್ನು ಬಿಸಿಲುಝಳ ಹೇಳುತ್ತದೆ. ದುರ್ಬೀನಿನಲ್ಲಿ ನೆಲದಿಂದ ಏಳುವ ಆ ನಡುಕವನ್ನು ನೋಡಿ. ನೆಟ್ಟಗೆ ಮೇಲಕ್ಕೆ ಕುದಿಯುತ್ತಿದ್ದರೆ ಅಡ್ಡಗಾಳಿ ಇಲ್ಲದ ಹೊತ್ತು. ಪಕ್ಕಕ್ಕೆ ಹರಿಯುವ ನೀರಿನ ಹಾಗೆ ಓಡುತ್ತಿದ್ದರೆ ಆ ದಿಕ್ಕಿಗೇ ಗಾಳಿ. ಅದು ಚಪ್ಪಟೆಯಾಗಿ ಓಡಿದಷ್ಟೂ ಗಾಳಿ ಜೋರು.

ನಾನು ಮಾಡುವುದು ಇಷ್ಟು. ಒಂದೇ ಥರದ ಗಾಳಿ ಮರಳಿ ಬರುವ ತನಕ ಕಾಯುತ್ತೇನೆ. ಬಂದಾಗ ಮಾತ್ರ ಹೊಡೆಯುತ್ತೇನೆ. ಬದಲಾದರೆ ಬೆರಳು ತೆಗೆಯುತ್ತೇನೆ. ಪ್ರತಿ ಈಡನ್ನೂ ಪುಸ್ತಕದಲ್ಲಿ ಬರೆಯುತ್ತೇನೆ: ದೂರ, ಗಾಳಿ, ಎಲ್ಲಿ ಬಿತ್ತು. ಬೆಳಗ್ಗೆ ಬಿಸಿಲೇರುವ ಮೊದಲಿನ ಒಂದೆರಡು ಗಂಟೆ ಬಂಗಾರದಂಥ ಹೊತ್ತು.

ನಳಿಗೆಯ ಜೋಪಾನ

ಕೈಯಲ್ಲಿ ಹಿಡಿಯಲಾರದಷ್ಟು ನಳಿಗೆ ಕಾದರೆ ಬೋಲ್ಟ್ ತೆರೆದಿಟ್ಟು ಆರಲು ಬಿಡಿ. ಕಾದ ನಳಿಗೆಯಲ್ಲಿ ಹೊಡೆಯುತ್ತಲೇ ಹೋದರೆ ಗುಂಡು ಒಳಹೊಗುವ ಜಾಗ ಸುಟ್ಟು ಸವೆಯುತ್ತದೆ. ಅದು ಸವೆದರೆ ನಳಿಗೆ ಬದಲಿಸುವುದೊಂದೇ ದಾರಿ.

ತೊಳೆಯುವಾಗ ಒಂದೇ ತುಂಡಿನ ಸರಳು ಬಳಸಿ, ಹಿಂದಿನಿಂದ ಮುಂದಕ್ಕೆ. ಸರಳು ಓಲದ ಹಾಗೆ ಬೋರ್ ಗೈಡ್ ಅನ್ನುವ ಕೊಳವೆ ಹಾಕಿ. ನಳಿಗೆಯ ಬಾಯಿಯ ಅಂಚಿಗೆ ಗೀರು ಬಿದ್ದರೆ ರೈಫಲ್ ಗುರಿ ಕೆಟ್ಟಿತು ಅಂತಲೇ. ಮೊದಲು ಮಸಿ ತೆಗೆಯುವ ದ್ರಾವಣ, ಆಮೇಲೆ ತಾಮ್ರ ತೆಗೆಯುವ ದ್ರಾವಣ. ಬಟ್ಟೆ ನೀಲಿಯಾಗಿ ಬಂದರೆ ಒಳಗೆ ತಾಮ್ರ ಇದೆ ಅಂತ ಅರ್ಥ. ಆದರೆ ಸರಳಿನ ತುದಿಯ ಹಿತ್ತಾಳೆ ಕೂಡ ಅದೇ ನೀಲಿ ಬಿಡುತ್ತದೆ. ನಾನು ತಿಂಗಳುಗಟ್ಟಲೆ ಶುದ್ಧವಾಗಿದ್ದ ನಳಿಗೆಯನ್ನೇ ಉಜ್ಜುತ್ತಿದ್ದೆ. ನಿಕಲ್ ಲೇಪದ ಅಥವಾ ಪ್ಲಾಸ್ಟಿಕ್ ತುದಿ ಕೊಂಡರೆ ಈ ಮೋಸ ಇಲ್ಲ. ತೊಳೆದ ಮೇಲೆ ಮೊದಲ ಒಂದೆರಡು ಗುಂಡು ಬೇರೆ ಕಡೆ ಬೀಳುವುದುಂಟು. ಅವನ್ನು ಮಣ್ಣಿನ ದಿಬ್ಬಕ್ಕೆ ಹೊಡೆದು ಆಮೇಲೆ ಕೆಲಸ ಶುರು ಮಾಡಿ.

ಮನೆಯಲ್ಲಿ ರೈಫಲ್ ಬೀಗದ ಪೆಟ್ಟಿಗೆಯಲ್ಲೇ, ಗುಂಡು ಬೇರೆ ಬೀಗದಲ್ಲಿ. ಮಕ್ಕಳಿಗೆ ಬೀಗದ ಕೈ ಎಲ್ಲಿದೆ ಅಂತ ಗೊತ್ತಿಲ್ಲ ಅಂದುಕೊಳ್ಳಬೇಡಿ. ಮನೆಯಲ್ಲಿ ಯಾರಿಗಾದರೂ ಮನಸ್ಸು ಸರಿಯಿಲ್ಲದ ಕಾಲವಾದರೆ ರೈಫಲ್ಲನ್ನು ಮನೆಯಿಂದ ಹೊರಗೆ ಇಡುವ ವ್ಯವಸ್ಥೆ ಮಾಡಿ. ರಾಜ್ಯದ ನಿಯಮ ನೋಡಿಕೊಂಡು ಅದನ್ನು ಮಾಡುವ ದಾರಿಗಳಿವೆ.

ಬಯಲಿಗೆ ಹೋಗುವಾಗ

ಜಮೀನಿನವರನ್ನು ಮೊದಲು ಹೋಗಿ ಮಾತಾಡಿಸಿ. ಒಪ್ಪಿಗೆ ಬರವಣಿಗೆಯಲ್ಲಿದ್ದರೆ ಇನ್ನೂ ಒಳ್ಳೆಯದು. ದನ ಎಲ್ಲಿ ಮೇಯುತ್ತಿವೆ, ಮನೆ ಯಾವ ದಿಕ್ಕಿಗಿದೆ ಅಂತ ಕೇಳಿ. ಈ ಪುಟ್ಟ ಗುಂಡು ಒಂದೂವರೆ ಮೈಲಿಗೂ ಆಚೆ ಹೋಗಬಲ್ಲದು. ಹಾಗಾಗಿ ಗುರಿಯ ಹಿಂದೆ ಮಣ್ಣಿನ ದಿಬ್ಬ ಇರಲೇಬೇಕು. ದಿಗಂತದ ಅಂಚಿನಲ್ಲಿ ನಿಂತದ್ದಕ್ಕೆ ಹೊಡೆಯುವುದೇ ಇಲ್ಲ.

ಯಾವ ಪ್ರಾಣಿ ಅಂತ ತಿಳಿದು ಹೊಡೆಯಿರಿ. ಪ್ರೇರಿ ಡಾಗ್‌ನಲ್ಲಿ ಐದು ಜಾತಿ. ಯೂಟಾ ಪ್ರೇರಿ ಡಾಗ್ ಕೇಂದ್ರ ಕಾನೂನಿನ ರಕ್ಷಣೆಯಲ್ಲಿದೆ. ಮುಂಗುಸಿಯಂತೆ ಕಾಣುವ ಕಪ್ಪುಕಾಲಿನ ಫೆರೆಟ್ ಬದುಕುವುದೇ ಪ್ರೇರಿ ಡಾಗ್ ತಿಂದು. ಆ ಜಾತಿ ಅಳಿದೇಹೋಯಿತು ಅಂದುಕೊಂಡಿದ್ದಾಗ 1981ರಲ್ಲಿ ವಯೋಮಿಂಗ್‌ನ ಮೀಟೀಟ್ಸಿ ಹತ್ತಿರ ಮತ್ತೆ ಸಿಕ್ಕಿತು. ಅವನ್ನು ಬಿಟ್ಟಿರುವ ಕಡೆ, ದಕ್ಷಿಣ ಡಕೋಟದ ಕೊನಾಟಾ ಬೇಸಿನ್‌ನಂಥ ಜಾಗದಲ್ಲಿ ಪ್ರೇರಿ ಡಾಗ್ ಹೊಡೆಯುವುದಕ್ಕೆ ನಿಷೇಧ ಇದೆ. ಬಿಲದ ಬಾಯಲ್ಲಿ ಉದ್ದ ಕಾಲಿನ ಪುಟ್ಟ ಗೂಬೆ ನಿಂತಿರುವುದೂ ಉಂಟು. ದುರ್ಬೀನಲ್ಲಿ ಎರಡು ಸಲ ನೋಡಿ. ಲೈಸೆನ್ಸ್, ಕಾಲ, ಜಾಗದ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಹೋಗುವ ವಾರವೇ ನೋಡಿಕೊಳ್ಳಿ.

ಖಾತ್ರಿ ಇಲ್ಲದ ದೂರಕ್ಕೆ ಹೊಡೆಯಬೇಡಿ. ಹತ್ತರಲ್ಲಿ ಒಂಬತ್ತು ಸಲ ಕಾಗದಕ್ಕೆ ತಾಗಿಸಬಲ್ಲ ದೂರ ಯಾವುದೋ ಅದೇ ನಿಮ್ಮ ದೂರ. ಗಾಯಗೊಂಡು ಬಿಲಕ್ಕೆ ತೆವಳಿಹೋಗುವ ಪ್ರಾಣಿಯನ್ನು ನಾನು ನೋಡಿದ್ದೇನೆ. ಆ ದಿನ ರೈಫಲ್ ಎತ್ತಿಟ್ಟು ಮನೆಗೆ ಬಂದೆ. ಆಮೇಲೆ ಎರಡು ತಿಂಗಳು ಕಾಗದಕ್ಕೆ ಮಾತ್ರ ಹೊಡೆದೆ.

ಸತ್ತದ್ದನ್ನು ಬರಿಗೈಯಲ್ಲಿ ಮುಟ್ಟಬೇಡಿ. ಅವುಗಳ ಚಿಗಟದಲ್ಲಿ ಪ್ಲೇಗ್ ಇರಬಹುದು. ನಾಯಿಯನ್ನೂ ಹತ್ತಿರ ಬಿಡಬೇಡಿ. ಸೀಸದ ಚೂರು ಇರುವ ಹೆಣವನ್ನು ಹದ್ದುಗಳು ತಿಂದರೆ ಅವಕ್ಕೂ ವಿಷ ಏರುತ್ತದೆ. ಸೀಸವಿಲ್ಲದ ಗುಂಡು ನಿಮ್ಮ ರೈಫಲ್‌ಗೆ ಒಗ್ಗಿದರೆ ಅದನ್ನೇ ಬಳಸಿ. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈನಿಂದ ಬೇಟೆಗೆ ಸೀಸವಿಲ್ಲದ್ದೇ ಕಡ್ಡಾಯ.

ಹೊರಡುವಾಗ ಬೋಲ್ಟ್ ತೆಗೆದು ನಳಿಗೆ ಖಾಲಿ ಇದೆಯೇ ನೋಡಿ. ಹಿತ್ತಾಳೆ ಕೋಶಗಳನ್ನೆಲ್ಲ ಹೆಕ್ಕಿ. ದನ ಮೇಯುವ ಜಾಗ ಅದು. ಎಷ್ಟು ಹೊಡೆದಿರಿ, ಹೊಸ ಬಿಲ ಎಲ್ಲಿ ಕಂಡಿತು ಅಂತ ಜಮೀನಿನವರಿಗೆ ಹೇಳಿ ಬನ್ನಿ. ಗೇಟು ನೀವು ಬಂದಾಗ ಮುಚ್ಚಿದ್ದರೆ ಮುಚ್ಚಿ, ತೆರೆದಿದ್ದರೆ ತೆರೆದೇ ಬಿಡಿ. ದನಕ್ಕೆ ನೀರು ಆಚೆ ಕಡೆ ಇರಬಹುದು.